ಎಡಗೈಯ ಕರಿ ಪಟ್ಟಿ

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನ ಬಲಗೈಯನ್ನೇ ನೋಡುತ್ತಿದ್ದಳು. ತಡೆಯಲಾರದೆ ಕೊನೆಗೆ, "ಆಂಟಿ, ಟ್ಯಾಟೂ ಸೂಪರಾಗಿದೆ, ಒಂದೊಂದಕ್ಕೂ ಏನ್ ಮೀನಿಂಗು?" ಎಂದಳು. ಆಮೇಲೆ ಅವಳ ಕಣ್ಣು ಎಡಗೈಗೆ ಹೋಯಿತು. "ಇದೇನ್ ಆಂಟಿ, ಬರೀ ಕಪ್ಪು?" ಎಂದಳು. "ಅದರ ಕೆಳಗೆ ಒಂದು ಹೆಸರಿದೆ ಕಣಮ್ಮ" ಎಂದೆ. ಅಷ್ಟರಲ್ಲಿ ಅವಳ ಸ್ಟಾಪು ಬಂತು, ಇಳಿದುಹೋದಳು. ಒಳ್ಳೆಯದೇ ಆಯಿತು. ಯಾರ ಹೆಸರೆಂದು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ.

ನನ್ನ ಹಚ್ಚೆಗಳಿಗೆ ಅರ್ಥ ಇಲ್ಲವೆಂದಲ್ಲ. ಹೆಚ್ಚಿನವುಗಳ ಅರ್ಥ ಬೇರೆಯವರದು, ಮೈ ಮಾತ್ರ ನನ್ನದು. ಗದ್ದದ ಮೇಲಿನ ಚುಕ್ಕೆ ನಮ್ಮಜ್ಜಿಯ ಭಯ. ನನಗಿಂತ ಮುಂಚೆ ಹುಟ್ಟಿದ ಹೆಣ್ಣುಮಕ್ಕಳು ಉಳಿದಿರಲಿಲ್ಲವಂತೆ. ಇದಕ್ಕಾದರೂ ದೃಷ್ಟಿ ಆಗದಿರಲಿ ಎಂದು ಮುಖವನ್ನು ಕೊಂಚ ಕೆಡಿಸಿಟ್ಟರು. ಬಲ ಮುಂಗೈಯ ಮೇಲಿನ ತುಳಸಿಕಟ್ಟೆ ನಮ್ಮಮ್ಮನ ಹಟ. ಅವರ ಕೈಯಲ್ಲೂ ಅದೇ ಇತ್ತು, ಅವರಮ್ಮನ ಕೈಯಲ್ಲೂ ಅದೇ. ಇನ್ನು ಅಂಗೈಯ ಹಿಂಬದಿಯ ಚೇಳು. ಹುಲ್ಲಿನ ಬಣವೆಯಲ್ಲಿ ಒಮ್ಮೆ ಚೇಳು ಕುಟುಕಿದಾಗ, ಹಚ್ಚೆ ಹೊಯ್ಯಿಸಿದರೆ ಮತ್ತೆ ಹತ್ತಿರ ಸುಳಿಯುವುದಿಲ್ಲವೆಂದು ಅದನ್ನು ಹಾಕಿಸಿದರು. ಮಾರನೆಯ ವರ್ಷವೇ ಇನ್ನೊಂದು ಚೇಳು ಬಂದು ಅದೇ ಕೈಗೆ ಕುಟುಕಿತು. "ಹಚ್ಚೆ ಇದ್ದಿದ್ಕೇ ಬದುಕ್ಕಂಡೆ" ಎಂದರು ಅಜ್ಜಿ. ಅವರ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ನಾನೇ ಆಸೆಪಟ್ಟು ಮಾಡಿಕೊಂಡದ್ದು ಹೆಬ್ಬೆರಳ ಬುಡದ ಚುಕ್ಕೆಗಳನ್ನು ಮಾತ್ರ. ಚಿಂತಾಮಣಿಯ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳೂ ನಾನೂ ಜಾಲಿಮುಳ್ಳು, ದೀಪದ ಮಸಿ ಇಟ್ಟುಕೊಂಡು ಅವಳ ಮನೆಯ ಹಿತ್ತಿಲಲ್ಲಿ ಒಬ್ಬರಿಗೊಬ್ಬರು ಚುಚ್ಚಿಕೊಂಡೆವು. ಅವಳು ಮದನಪಲ್ಲಿ ಕಡೆಗೆ ಮದುವೆಯಾಗಿ ಹೋದಳು. ಆಮೇಲೆ ಕಂಡಿಲ್ಲ. ಆ ಚುಕ್ಕೆಗಳೂ ಈಗ ಮಚ್ಚೆಯಷ್ಟೇ ಕಾಣುತ್ತವೆ.

ನಮ್ಮೂರು ಚಿಂತಾಮಣಿಯಿಂದ ಒಳಗೆ, ಆಂಧ್ರದ ಗಡಿಯ ಕಡೆಗಿದೆ. ರಾಗಿ ಕಣ ಮುಗಿದ ಮೇಲೆ ಹಚ್ಚೆಯವಳು ಬರುತ್ತಿದ್ದಳು. ತೆಲುಗಿನವಳು, ಅವಳ ಬಾಯಲ್ಲಿ ಹಚ್ಚೆ ಎಂದರೆ ಪಚ್ಚಬೊಟ್ಟು. ಜಗಲಿಯ ಮೇಲೆ ಕೂತು ನಮ್ಮ ಕೈಯನ್ನು ತನ್ನ ಮೊಣಕಾಲಿನ ಮೇಲೆ ಒತ್ತಿ ಹಿಡಿಯುತ್ತಿದ್ದಳು. ಮೊದಲು ಕಡ್ಡಿಯಿಂದ ಮಸಿಯಲ್ಲಿ ಚಿತ್ರ ಬರೆದು, ಆಮೇಲೆ ದಾರ ಸುತ್ತಿ ಒಂದು ಮಾಡಿದ ಸೂಜಿಗಳಿಂದ ಅದರ ಮೇಲೆ ಟಪಟಪ ಚುಚ್ಚುತ್ತಾ ಹೋಗುತ್ತಿದ್ದಳು. ಚುಚ್ಚುವ ಹೊತ್ತಿಗೆ ಹಾಡು ಇರಲೇಬೇಕು. ಗಂಡನ ಮನೆ, ಅತ್ತೆ ಕಾಟ, ನಾದಿನಿಯ ಕೊಂಕು, ಎಲ್ಲ ಬರುತ್ತಿತ್ತು ಅದರಲ್ಲಿ. ಹುಡುಗಿ ಕೂಗಿಕೊಂಡಷ್ಟೂ ಹಾಡು ಜೋರು. ಅಳು ಹೆಚ್ಚಾದರೆ ಹಾಡಿನೊಳಗೆ ಆ ಹುಡುಗಿಯ ಹೆಸರನ್ನೇ ಸೇರಿಸಿ ನಗಿಸುತ್ತಿದ್ದಳು. ಮುಗಿದ ಮೇಲೆ ಅರಿಶಿನ, ಹರಳೆಣ್ಣೆ ತಿಕ್ಕಿ, ಮೊರದಲ್ಲಿ ರಾಗಿ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು.

ನನ್ನ ಮದುವೆ ಆದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಶಿಡ್ಲಘಟ್ಟಕ್ಕೆ. ಅವರದು ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಸಣ್ಣ ಶೆಡ್ಡು. ಬೇಯುವ ಗೂಡಿನ ವಾಸನೆಗೆ ಮೊದಮೊದಲು ಊಟ ಸೇರುತ್ತಿರಲಿಲ್ಲ. ಆಮೇಲೆ ಆ ವಾಸನೆ ಇಲ್ಲದಿದ್ದರೆ ಕೆಲಸ ನಿಂತಿದೆಯೇನೋ ಎಂದು ಗಾಬರಿಯಾಗುತ್ತಿತ್ತು. ಮನೆಯಲ್ಲಿ ಇದ್ದವರು ನಾವಿಬ್ಬರು ಮತ್ತು ಅತ್ತೆ.

ಗಂಡನ ಹೆಸರು ಹೇಳಬಾರದು ಎಂಬುದು ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ನಮ್ಮಮ್ಮ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ, ಅಷ್ಟೇ. ಅದಕ್ಕೇ ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಎಡಗೈಯ ಮೇಲೆ ಹೊಯ್ಯಿಸಿಕೊಳ್ಳುತ್ತಿದ್ದರು. ಯಾರಾದರೂ ಕೇಳಿದರೆ ಸೆರಗು ಸರಿಸಿ ಕೈ ತೋರಿಸಿದರಾಯಿತು. ನನ್ನ ಎಡಗೈ ಖಾಲಿಯಿತ್ತು. ಮದುವೆಯಾದ ಹೊಸದರಲ್ಲಿ ಒಂದು ದಿನ ಸಿನಿಮಾಕ್ಕೆಂದು ಅವರು ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಬ್ಯಾಟರಿ ಮೆಷಿನ್ ಇಟ್ಟುಕೊಂಡು ಕೂತಿದ್ದ. ಮುಂದೆ ಹಲಗೆಯ ಮೇಲೆ ಹಾವು, ಹೂವು, ಆಂಜನೇಯ.

"ಹೆಸರೇನಮ್ಮ?" ಎಂದು ಅವನು ನನ್ನನ್ನು ಕೇಳಿದ. ನಾನು ತಲೆ ತಗ್ಗಿಸಿದೆ.

ಅವರು ನಕ್ಕು ತಾವೇ ಹೇಳಿದರು. ಮೆಷಿನ್ ಸದ್ದು ಮಾಡುತ್ತಾ ನಿಮಿಷದಲ್ಲಿ ಮುಗಿಸಿತು. ಹಾಡಿಲ್ಲ, ಅರಿಶಿನವಿಲ್ಲ. ಅವನು ಅವರ ಕಡೆ ತಿರುಗಿ, "ನಿಮ್ಗೂ ಒಂದು ಹಾಕ್ಲಾ ಸಾರ್, ಮೇಡಮ್ ಹೆಸ್ರು?" ಎಂದ. "ನಂಗ್ಯಾಕಪ್ಪ? ಅವಳ ಹೆಸ್ರು ಕೂಗಕ್ಕೆ ನಂಗೆ ಬಾಯೈತೆ" ಎಂದರು. ನನಗೂ ನಗು ಬಂತು. ಆ ದಿನ ನಾನು ಬಹಳ ಸುಖವಾಗಿದ್ದೆ.

ಅತ್ತೆಗೆ ಓದು ಬರುತ್ತಿರಲಿಲ್ಲ. ಮನೆಗೆ ಬಂದ ತಕ್ಷಣ ನನ್ನ ಕೈಹಿಡಿದು ಪಕ್ಕದ ಮನೆಯವರ ಹತ್ತಿರ ಎಳೆದುಕೊಂಡು ಹೋಗಿ ಓದಿಸಿದರು. ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಅಕ್ಷರಗಳ ಮೇಲೆ ಬೆರಳಾಡಿಸಿ ಎಲ್ಲಿ ಸುಳಿ, ಎಲ್ಲಿ ಕೊಂಬು ಎಂದು ನೆನಪಿಟ್ಟುಕೊಂಡರು. ಆಮೇಲಿಂದ ಅವರಿಗೆ ಅದೊಂದು ತಮಾಷೆ. ಮಗ ಹೊರಗೆ ಹೋದಾಗ ನನ್ನ ಕೈ ನೋಡಿ, "ಎಲ್ಲೋಗವ್ನೆ? ಇಲ್ಲೇ ಅವ್ನಲ್ಲ" ಎನ್ನುತ್ತಿದ್ದರು. ಅತ್ತೆ ಕಾಟದ ಹಾಡುಗಳನ್ನು ಕೇಳಿ ಬೆಳೆದ ನನಗೆ ಇಂಥ ಅತ್ತೆ ಸಿಕ್ಕಿದ್ದು ಹೇಗೆ ಎಂದು ಆಶ್ಚರ್ಯವಾಗುತ್ತಿತ್ತು.

ಸೊಸೈಟಿಯಲ್ಲಿ, ಡಾಕ್ಟರ ಹತ್ತಿರ, ಎಲ್ಲೇ ಕೇಳಿದರೂ ನಾನು ಕೈ ತೋರಿಸುತ್ತಿದ್ದೆ. ಎಸ್.ಎಸ್.ಎಲ್.ಸಿ. ಪಾಸಾದವಳು, ಬರೆದು ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆಯಬಹುದಿತ್ತು. ಆದರೆ ಕೈ ತೋರಿಸುವುದರಲ್ಲಿ ಒಂದು ಜಂಭ ಇತ್ತು.

ಒಂದು ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಕಾಮಾಲೆ ಬಂತು. ಎಲ್ಲರೂ ಮಾಡುವಂತೆ ಮೊದಲು ಸೊಪ್ಪಿನ ಔಷಧಿ ಕೊಡಿಸಿ, ಉಪ್ಪು ಎಣ್ಣೆ ಬಿಡಿಸಿದೆವು. ಕಣ್ಣಿನ ಹಳದಿ ಇಳಿಯಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸುವಾಗ ನರ್ಸು, "ಪೇಷಂಟ್ ಹೆಸರೇನಮ್ಮ?" ಎಂದರು. ನಾನು ಕೈ ಚಾಚಿದೆ. ಅವರು ಅದನ್ನು ನೋಡಿಕೊಂಡು ಬರೆದರು. ಆ ವಾರದಲ್ಲೇ ನಮ್ಮ ಮನೆಯವರು ಹೋಗಿಬಿಟ್ಟರು. ಮನೆಗೆ ತರುವ ಮುಂಚೆ ಇನ್ನೊಬ್ಬರು ಯಾರೋ ಬಂದು ಹೆಸರು ಕೇಳಿದರು. ಆಗಲೂ ಕೈ ಚಾಚಿದೆ. ಅವರು ಬರೆದುಕೊಂಡು ಕೈಬಿಟ್ಟ ಮೇಲೂ ನನ್ನ ಕೈ ಹಾಗೇ ಚಾಚಿಕೊಂಡೇ ಇತ್ತಂತೆ. ಅತ್ತೆ ಅದನ್ನು ಹಿಡಿದು ಕೆಳಗಿಳಿಸಿದರಂತೆ. ನನಗೆ ನೆನಪಿಲ್ಲ.

ನಾನು ಅಳಲಿಲ್ಲ. ಅಳಬಾರದೆಂದು ಹಲ್ಲು ಕಚ್ಚಿ ಕೂತಿದ್ದೆನೆಂದಲ್ಲ, ಬರಲಿಲ್ಲ. ಹೆಂಗಸರು ಬಂದು ತಬ್ಬಿಕೊಂಡು ಗೋಳಾಡಿ, ನನ್ನ ಕಣ್ಣು ಒಣಗಿರುವುದು ನೋಡಿ ಮೆಲ್ಲಗೆ ಬಿಡಿಸಿಕೊಂಡು ಹೋಗುತ್ತಿದ್ದರು. ಹೊಟ್ಟೆ ಹಸಿಯುತ್ತಿತ್ತು, ಕೊಟ್ಟರೆ ತಿನ್ನುತ್ತಿದ್ದೆ. ಬಳೆ ಒಡೆದರು, ತಾಳಿ ತೆಗೆದರು, ಹಣೆ ಒರೆಸಿದರು. ಯಾವುದಕ್ಕೂ ನಾನು ಬೇಡವೆನ್ನಲಿಲ್ಲ. ಕೊನೆಗೆ ನೆಂಟರಲ್ಲಿ ಒಬ್ಬರು ನನ್ನ ಎಡಗೈ ಎತ್ತಿ, "ಇದನ್ನೇನು ಮಾಡೋದು?" ಎಂದರು. ಶಾಸ್ತ್ರದಲ್ಲಿ ಅದಕ್ಕೆ ಏನೂ ಇರಲಿಲ್ಲ.

"ಅದುಕ್ಕೆ ಯಾರೂ ಕೈ ಹಾಕ್ಬೇಡಿ" ಎಂದರು ಅತ್ತೆ. "ನನ್ ಮಗ ಅನ್ನೋನು ಒಬ್ಬ ಇದ್ದ ಅನ್ನಕ್ಕೆ ನಂಗಿರೋದು ಅದೊಂದೇ."

ವರ್ಷ ಕಳೆಯುವುದರೊಳಗೆ ನಮ್ಮಮ್ಮ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋದರು. ಅತ್ತೆ ಬಸ್ಸಿನ ತನಕ ಬಂದರು. ಕಿಟಕಿಯಿಂದ ನನ್ನ ಕೈ ಹಿಡಿದು, ಎಲ್ಲಿ ಹೋದರೂ ಇದನ್ನು ಜೋಪಾನ ಮಾಡಿಕೋ ಎಂದರು. ಹೂಂ ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ನನ್ನ ಉತ್ತರ ಅದೇ.

ಊರಿನಲ್ಲಿ ದನ ಕಟ್ಟಿದೆ, ಸೆಗಣಿ ಬಾಚಿದೆ, ನೀರು ಸೇದಿದೆ. ಅಮ್ಮನಿಗೆ ನನ್ನನ್ನು ನೋಡಿದರೆ ಹೆದರಿಕೆಯಾಗುತ್ತಿತ್ತು. ಇನ್ನೂ ವಯಸ್ಸಿದೆ, ಮಕ್ಕಳಿಲ್ಲ, ಹೀಗೇ ಕಲ್ಲಿನ ಹಾಗೆ ಕೂತರೆ ಗತಿಯೇನು ಎಂದು ತಮ್ಮ ತಮ್ಮನ ಹತ್ತಿರ, ಅಂದರೆ ನನ್ನ ಸೋದರಮಾವನ ಹತ್ತಿರ ಅತ್ತರು. ಮಾವ ಗೌರಿಬಿದನೂರಿನ ಕಡೆಯ ಒಂದು ಸಂಬಂಧ ತಂದರು. ಹೆಂಡತಿ ತೀರಿಕೊಂಡ ರೈತ, ಹಿಪ್ಪುನೇರಳೆ ತೋಟ, ಒಂದು ಪುಟ್ಟ ಹೆಣ್ಣುಮಗು. ದೊಡ್ಡ ಮದುವೆಯಲ್ಲ, ಕೂಡಿಕೆ. ದೇವರ ಮುಂದೆ ಸೀರೆ ಉಡಿಸಿ ತಾಳಿ ಕಟ್ಟಿಸಿಕೊಂಡು ಹೋಗುವುದು. ನಮ್ಮ ಮನೆಯಲ್ಲಿ ಇದು ಹಿಂದೆ ಒಂದೆರಡು ಸಲ ನಡೆದಿತ್ತು, ಯಾರೂ ಮೂಗು ಮುರಿಯಲಿಲ್ಲ.

ಮೂಗು ಮುರಿದದ್ದು ನನ್ನ ಎಡಗೈಗೆ. "ಬೇರೇವ್ರ ಹೆಸ್ರು ಇಟ್ಕೊಂಡು ಅವ್ರ ಮನೆ ಹೊಸಲು ಹೆಂಗಮ್ಮ ತುಳೀತೀಯ?" ಎಂದರು ಮಾವ. ಗಂಡಿನ ಕಡೆಯವರು ಬಾಯಿಬಿಟ್ಟು ಕೇಳುವ ಮುಂಚೆಯೇ ನಾವಾಗಿ ಮಾಡಬೇಕು, ಅದೇ ಮರ್ಯಾದೆ. ಅಮ್ಮನೂ ತಲೆಯಾಡಿಸಿದರು. ನನ್ನನ್ನು ಕೇಳಿದರು. ಬೇಕು ಎಂದೂ ಅನ್ನಿಸಲಿಲ್ಲ, ಬೇಡ ಎಂದೂ ಅನ್ನಿಸಲಿಲ್ಲ. ಅತ್ತೆಯ ಮಾತು ನೆನಪಾಯಿತು. ಆದರೆ ದೂರದಲ್ಲಿ ಯಾರೋ ಯಾರಿಗೋ ಹೇಳಿದಂತೆ ಇತ್ತು ಅದು. ಹೂಂ ಎಂದೆ.

ಹಳೆಯ ಹಚ್ಚೆಯವಳನ್ನೇ ಕರೆಸಿದರು. ಅವಳಿಗೂ ವಯಸ್ಸಾಗಿತ್ತು, ಕಣ್ಣು ಹತ್ತಿರ ತಂದು ನೋಡುತ್ತಿದ್ದಳು. ಇಂಥ ಕೆಲಸ ಅವಳಿಗೆ ಹೊಸದಲ್ಲ. ಹೆಸರಿನ ಮೇಲೆ ಹೂಬಳ್ಳಿ ಹಬ್ಬಿಸಿ ಮುಚ್ಚುವುದು ಅವಳ ರೀತಿ. ಬಳ್ಳಿ ಬರೆದಳು. ಎಲೆಗಳ ಸಂದಿಯಿಂದ ಬ್ಯಾಟರಿ ಮೆಷಿನ್ನಿನ ದಪ್ಪ ಅಕ್ಷರಗಳು ಇಣುಕಿದವು. "ಕನಿಪಿಸ್ತಾ ಉಂದಿ" ಎಂದು ತಲೆ ಕೊಡವಿದಳು, ಇನ್ನೂ ಕಾಣುತ್ತಿದೆ ಎಂದು. ಎಲೆ ದೊಡ್ಡದು ಮಾಡಿದಳು. ಆಗಲೂ ಕಂಡಿತು. ಕೊನೆಗೆ ಮಾವ, "ಪೂರ್ತಿ ತುಂಬಿಸ್ಬಿಡಮ್ಮ" ಎಂದರು. ಮಣಿಕಟ್ಟಿನ ಮೇಲಿಂದ ನಾಲ್ಕು ಬೆರಳಗಲ ಕರಿ ಪಟ್ಟಿ ಹೊಯ್ದಳು.

ಶುರುಮಾಡುವಾಗ ಅವಳು ಹಾಡು ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ನನ್ನ ಮುಖ ನೋಡಿದಳು. ಇನ್ನಷ್ಟು ಚುಚ್ಚಿ ಮತ್ತೆ ನೋಡಿದಳು. "ನೊಪ್ಪಿ ಲೇದಾ ತಲ್ಲೀ?" ಎಂದಳು. ನೋವಿಲ್ಲವೇನಮ್ಮ ಎಂದು. ಇಲ್ಲವೆಂದೆ. ನಿಜಕ್ಕೂ ಇರಲಿಲ್ಲ. ರಕ್ತ ಸಣ್ಣಗೆ ಜಿನುಗುತ್ತಿತ್ತು, ಅವಳು ಬಟ್ಟೆಯಿಂದ ಒತ್ತಿ ಒರೆಸುತ್ತಿದ್ದಳು, ಯಾರದೋ ಕೈ ನೋಡಿದಂತೆ ನೋಡುತ್ತಿದ್ದೆ. ಅವಳು ಹಾಡು ನಿಲ್ಲಿಸಿದಳು. ಕೆಲಸ ಮುಗಿಯುವ ತನಕ ಸೂಜಿಯ ಟಪಟಪ ಬಿಟ್ಟು ಬೇರೆ ಸದ್ದಿರಲಿಲ್ಲ. ಹೋಗುವಾಗ ಅಮ್ಮನನ್ನು ಪಕ್ಕಕ್ಕೆ ಕರೆದು, ಹಾಡು ಬೇಡವಾದ ಹುಡುಗಿಯನ್ನು ತಾನು ಇದುವರೆಗೆ ಕಂಡಿಲ್ಲ, ಯಾವುದಾದರೂ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಎಂದಳಂತೆ.

ಕೈ ಊದಿಕೊಂಡು, ಇಳಿದು, ಸಿಪ್ಪೆಯೆದ್ದು, ವಾಸಿಯಾಯಿತು. ಕೂಡಿಕೆಯಾಗಿ ಗೌರಿಬಿದನೂರಿನ ಹತ್ತಿರದ ಆ ಹಳ್ಳಿಗೆ ಹೋದೆ. ಇವರು ಮಾತು ಕಡಿಮೆಯ ಮನುಷ್ಯ. ಮಗು ಮೊದಲು ನನ್ನಿಂದ ದೂರ ನಿಂತು ನೋಡುತ್ತಿತ್ತು, ಆಮೇಲೆ ಸೊಪ್ಪು ಹೆಚ್ಚುವಾಗ ಬಂದು ಪಕ್ಕ ಕೂರುತ್ತಿತ್ತು. ರೇಷ್ಮೆಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಹಾಸಿಗೆ ಬದಲಿಸಬೇಕು. ಶಿಡ್ಲಘಟ್ಟದಲ್ಲಿ ಬೇಯಿಸುತ್ತಿದ್ದ ಗೂಡನ್ನು ಇಲ್ಲಿ ಬೆಳೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ. ಕೆಲಸ ಗೊತ್ತಿದ್ದರಿಂದ ಯಾರೂ ಏನೂ ಹೇಳುವಂತಿರಲಿಲ್ಲ.

ಒಂದು ಬೆಳಿಗ್ಗೆ ತಿಂಡಿ ತೆಗೆದುಕೊಂಡು ತೋಟಕ್ಕೆ ಹೋದೆ. ಇವರು ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಸ್ನಾನ ಮಾಡುತ್ತಿದ್ದರು. ಹಗಲು ಬೆಳಕಿನಲ್ಲಿ ಅವರ ಬರಿ ಎದೆಯನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಎಡಗಡೆ ಒಂದು ಹೆಂಗಸಿನ ಹೆಸರಿತ್ತು. ದೊಡ್ಡ ಅಕ್ಷರ, ಕೆಳಗೊಂದು ಹೂವು.

ನಾನು ನೋಡಿದ್ದನ್ನು ಅವರೂ ನೋಡಿದರು. ಮುಚ್ಚಿಕೊಳ್ಳಲಿಲ್ಲ. "ಮಗು ತಾಯಿದು" ಎಂದರು. "ದೊಡ್ಬಳ್ಳಾಪುರದಲ್ಲಿ ಹಾಕಿಸ್ಕೊಂಡಿದ್ದೆ." ಮೈ ಒರೆಸಿಕೊಳ್ಳುತ್ತಾ ನನ್ನ ಕೈ ನೋಡಿದರು. "ನಾನೂ ಕೇಳಣ ಅಂತಿದ್ದೆ. ಇದೇನು ಇಷ್ಟು ಕಪ್ಪಗೆ?"

"ಒಳಗೆ ಹೆಸರಿತ್ತು. ಮುಚ್ಚಿಸಿದ್ರು."

"ಯಾಕೆ?"

"ನಿಮ್ಗೋಸ್ಕರ."

ಅವರು ಟವೆಲ್ ಹಿಂಡುವುದನ್ನು ನಿಲ್ಲಿಸಿದರು. "ನಾನು ಕೇಳಿದ್ನಾ?" ಎಂದರು. ಕೋಪವಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುವವರ ಹಾಗೆ ಕೇಳಿದರು. "ಇರ್ಬೋದಿತ್ತು. ನಂಗೇನಾಗ್ತಿತ್ತು ಅದ್ರಿಂದ?"

ಅವರ ಆ ಮಾತಿಗೆ ನನ್ನಲ್ಲಿ ಪ್ರೀತಿ ಹುಟ್ಟಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹುಟ್ಟಲಿಲ್ಲ. ತಿಂಡಿಯ ಪಾತ್ರೆಯನ್ನು ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕಿ ಮನೆಗೆ ಬಂದೆ. ಇವರ ಎದೆಯ ಹೆಸರಿಗೆ ಯಾವ ಹೊಸಿಲೂ ಅಡ್ಡ ಬರಲಿಲ್ಲ, ಅದನ್ನು ಇಟ್ಟುಕೊಂಡೇ ಬಂದು ಇವರು ನನಗೆ ತಾಳಿ ಕಟ್ಟಿದರು, ಅದು ಯಾರ ಮರ್ಯಾದೆಗೂ ತಾಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಮಾವನನ್ನು ಕೇಳಿದೆ. "ಅವ್ರು ಕೇಳ್ಲಿಲ್ಲ ಕಣಮ್ಮ, ನಿಜ. ಆದ್ರೆ ಕೇಳೋವರ್ಗೂ ಕಾಯಕ್ಕಾಗ್ತದಾ?" ಎಂದರು. ಮಾವ ಕೆಟ್ಟವರಲ್ಲ. ನನ್ನ ಬಾಳು ನೆಟ್ಟಗಾಗಲಿ ಎಂದೇ ಓಡಾಡಿದವರು. ಅವರೊಂದಿಗೆ ಜಗಳವಾಡುವಷ್ಟು ಕೂಡ ಕೋಪ ಉಳಿಯಲಿಲ್ಲ. ಮೊದಲಿನ ಹಾಗೇ ಆದೆ.

ಇವರು ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೇ ಹೋಗುತ್ತಿದ್ದರು. ಏನಾದರೊಂದು ನೆಪ ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಒಂದು ಬೆಳೆಗೆ ಗೂಡು ಚೆನ್ನಾಗಿ ಬಂತು, ಮೂಟೆಗಳು ಜಾಸ್ತಿ, ಜೊತೆಗೆ ಒಬ್ಬರು ಬೇಕೇ ಬೇಕು. ಹೋದೆ. ಗೂಡನ್ನು ಸುರಿದು, ಹರಾಜಿಗೆ ಕಾಯುತ್ತಾ ಕೂತಿದ್ದೆವು. ನೂಲು ತೆಗೆಯುವ ರೀಲರುಗಳು ಗೂಡು ಹಿಡಿದು ಅಲ್ಲಾಡಿಸಿ, ಕಿವಿಯ ಹತ್ತಿರ ಇಟ್ಟು ನೋಡುತ್ತಾ ಹೋಗುತ್ತಿದ್ದರು. ಗಲಾಟೆಯೋ ಗಲಾಟೆ.

ಆ ಗಲಾಟೆಯ ನಡುವೆ ಅತ್ತೆ ಬಂದರು. ನಾನು ಬಂದಿರುವುದನ್ನು ಯಾರೋ ಪರಿಚಯದವರು ನೋಡಿ ಹೇಳಿದ್ದರಂತೆ. ಬಹಳ ಇಳಿದುಹೋಗಿದ್ದರು, ಕಿವಿ ಮಂದವಾಗಿತ್ತು. ನಾನು ಎದ್ದು ನಿಂತೆ. ಚೆನ್ನಾಗಿದ್ದೀಯೇನಮ್ಮ ಎಂದರು, ಇವರನ್ನು ನೋಡಿ ಕೈಮುಗಿದರು. ಆಮೇಲೆ ನನ್ನ ಎಡಗೈ ಹಿಡಿದು ಸೆರಗು ಸರಿಸಿದರು.

ಪಟ್ಟಿಯ ಮೇಲೆ ಬೆರಳಿಟ್ಟರು. ಸುಳಿ ಎಲ್ಲಿತ್ತೋ ಅಲ್ಲಿ ಒತ್ತಿದರು. ಕೊಂಬು ಇದ್ದ ಜಾಗಕ್ಕೆ ಹೋದರು. ಕೈಯನ್ನು ಬೆಳಕಿನ ಕಡೆಗೆ ತಿರುಗಿಸಿ ನೋಡಿದರು.

ಇವರೇ ಮಾತಾಡಿದರು. "ಮುಚ್ಚಿಸ್ಬಿಟ್ಟವ್ರೆ ಅಮ್ಮ. ನಾನು ಹೇಳಿರಲಿಲ್ಲ" ಎಂದರು. ಅತ್ತೆ ತಲೆಯಾಡಿಸಿದರು. ಬಯ್ಯಲಿಲ್ಲ, ಅಳಲಿಲ್ಲ. ಆದರೆ ಕೈಯನ್ನೂ ಬಿಡಲಿಲ್ಲ. ಇವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೊನೆಗೆ, "ನಿಮ್ ಮಗನ ಹೆಸ್ರೇನಮ್ಮ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಇವರಿಗೂ ನಾನು ಹೇಳಿರಲಿಲ್ಲ.

ಅತ್ತೆ ಹೇಳಿದರು. ಸಂತೆಯಂಥ ಆ ಸದ್ದಿನಲ್ಲಿ ತಮಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಇವರು ಅದನ್ನೇ ತಿರುಗಿ ಹೇಳಿದರು. ಗಂಡಸಿನ ಬಾಯಲ್ಲಿ ಆ ಹೆಸರು ಕೇಳಿ ಅತ್ತೆಯ ಮುಖ ಬೇರೆಯಾಯಿತು.

"ಇನ್ನೊಂದ್ಸಲ ಅನ್ನಪ್ಪ" ಎಂದರು. "ನಮ್ಮನೇಲಿ ಯಾರೂ ಅನ್ನಲ್ಲ. ನಾನೊಬ್ಳೇ ಎಷ್ಟು ಅಂತ ಅನ್ಲಿ."

ಇವರು ನನ್ನನ್ನು ನೋಡಿದರು. ನಾನು ಕೆಳಗೆ ನೋಡಿದೆ. ಅತ್ತೆಗೆ ಕೇಳಿಸಲಿ ಎಂದು ಈ ಸಲ ಇವರು ಜೋರಾಗಿ, ಒಬ್ಬರನ್ನು ದೂರದಿಂದ ಕೂಗುವವರ ಹಾಗೆ ಅಂದರು.

ತೂಕದ ಕಡೆಯಿಂದ ಒಬ್ಬ ಗಂಡಸಿನ ದನಿ, "ಬಂದೆ, ಇರಣ್ಣಾ" ಎಂದಿತು.

ಆ ಹೆಸರಿನವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅತ್ತೆಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಒಟ್ಟಿಗೆ ಆ ಕಡೆ ತಿರುಗಿದೆವು. ತಲೆಗೆ ಟವೆಲ್ ಸುತ್ತಿದವನೊಬ್ಬ ನಮಗೆ ಬೆನ್ನು ಮಾಡಿ ಬಗ್ಗಿದ್ದವನು ನೆಟ್ಟಗಾಗುತ್ತಿದ್ದ. ಅವನು ಈ ಕಡೆ ಮುಖ ಮಾಡುವ ತನಕ ನನಗೆ ಸಂತೋಷವಾಗಿತ್ತು.